ಪುಟ ನಲವತ್ತೇಳು

ನಡಾವಳಿ ಪುಸ್ತಕ ಬರೆಯುವವಳು ನಾನು.
ಉಳಿದ ಹೊತ್ತು ಕೌಲ್ ಬಜಾರಿನ ಒಂದು ಅಡ್ಡರಸ್ತೆಯಲ್ಲಿ
ಜೀನ್ಸಿಗೆ ಕಾಜಾ ಹೊಡೆಯುತ್ತೇನೆ, ಡಜನ್ನಿಗೆ ಇಷ್ಟು ಅಂತ.
ಅಕ್ಷರ ದುಂಡಗಿವೆ ಎಂದು ಪೆನ್ನು ಕೊಟ್ಟರು, ಅಷ್ಟೇ.

ಅವತ್ತಿನ ಚರ್ಚೆ: ಮಹಾ ಒಕ್ಕೂಟದಲ್ಲಿ ಇರುವುದೋ ಬಿಡುವುದೋ.
ಶಟರು ಅರ್ಧ ಎಳೆದ ಗೋದಾಮು, ನೀಲಿ ಧೂಳು,
ಒಗ್ಗಾಣಿ ಮಿರ್ಚಿ ಮುಗಿದು ಕೈಯೆಲ್ಲ ಎಣ್ಣೆ.
ಕಟಿಂಗ್ ಮಾಸ್ತರ ಗಾದಿಲಿಂಗಪ್ಪ ಎದ್ದ,
ಕಿವಿಯ ಮೇಲಿನ ಸೀಮೆಸುಣ್ಣ ತೆಗೆದ, ಮತ್ತೆ ಸಿಕ್ಕಿಸಿದ:
"ಬಿಟ್ರ ಮೊದ್ಲ ಎರಡು ತಿಂಗಳು
ದಾರ ಬರೋದು ಒಂದೀಟು ತಡ ಆಗಬಹುದು.
ರೇಟು ಮೂರೋ ನಾಕೋ ರೂಪಾಯಿ ಏರಬಹುದು.
ನೋಡ್ಕೊಂಡು ಮಾಡ್ರಿ."
ಕೂತ. ಚಪ್ಪಾಳೆ ಇಲ್ಲ.
ನಾನು ಬರೆದೆ.

ಇರಬೇಕು ಎನ್ನುವವರು ಆ ಮಾತು ಎತ್ತಿಕೊಂಡು ಹೊರಟರು.
ಬ್ರೂಸ್‌ಪೇಟೆ ಮುಟ್ಟುವಷ್ಟರಲ್ಲಿ ಬಹುದು ಬಿದ್ದುಹೋಗಿತ್ತು,
ಆಟೋದ ಹಿಂದಿನಿಂದ ಜಾರಿದ ಗಂಟಿನ ಹಾಗೆ.
"ದಾರ ಬರಂಗಿಲ್ಲಂತ ಮಾಸ್ತರನೇ ಹೇಳ್ಯಾನ."
ರಾತ್ರಿ ಮೈಕಿನಲ್ಲಿ ಎರ್ರಿಸ್ವಾಮಿ:
"ಎರಡು ವರ್ಷ ದಾರ ಇಲ್ಲ!
ಮಿಷನ್ನಿನಾಗ ಗುಬ್ಬಿ ಗೂಡು ಕಟ್ತಾವ!"
ತಿಂಗಳು ಯಾವಾಗ ವರ್ಷವಾಯಿತೆಂದು ಯಾರೂ ಕೇಳಲಿಲ್ಲ.
ಗುಬ್ಬಿ ಚೆನ್ನಾಗಿತ್ತು.

ಬಿಡಬೇಕು ಎನ್ನುವವರೇನು ಕಡಿಮೆಯೇ?
ಮಿಲ್ಲರ್‌ಪೇಟೆಯ ಚಹಾದಂಗಡಿ ಮುಂದೆ ಶೇಕ್ಷಾವಲಿ
ಮಾಸ್ತರನ ಮೂಗಿನ ದನಿ ತೆಗೆದು:
"ಒಕ್ಕೂಟ ಬಿಟ್ರ ಕೋಟೆ ಗುಡ್ಡ ಉರುಳ್ತತಂತ!
ತುಂಗಭದ್ರೆ ಹಿಂದಕ್ಕ ಹರೀತಾಳಂತ!
ಊರ ಮಂದಿ ಸೊಂಟದ ಮ್ಯಾಲೆ ಪ್ಯಾಂಟೇ ನಿಲ್ಲಂಗಿಲ್ಲಂತ!"
ಬೆಂಚು ಅಲುಗಾಡುವಷ್ಟು ನಗು.
ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಮಾರನೆಯ ದಿನ ಮಾಸ್ತರನ ಮೇಜಿನ ಮೇಲೆ ಯಾರೋ
ಅವನದೇ ಸೀಮೆಸುಣ್ಣದಲ್ಲಿ ಗುಬ್ಬಿ ಬರೆದಿಟ್ಟಿದ್ದರು.
ಅವನು ಒರೆಸಲಿಲ್ಲ. ಅದರ ಮೇಲೇ ಬಟ್ಟೆ ಹಾಸಿ
ಇಪ್ಪತ್ತು ಪದರ ಕತ್ತರಿಸಿದ.

ಪುಸ್ತಕ ಹಿಡಿದು ನಾನು ಇಬ್ಬರ ಹತ್ತಿರವೂ ಹೋದೆ.
ಎರ್ರಿಸ್ವಾಮಿ ಅಂದ, "ಅಕ್ಕಾ, ಬಹುದು ಅಂದ್ರ ಯಾರು ಹೆದರ್ತಾರ?"
ಶೇಕ್ಷಾವಲಿ ಪುಟ ಪೂರ್ತಿ ಓದಿದ, ನನಗೊಂದು ಚಹಾ ಹೇಳಿದ,
"ಅಕ್ಷರ ಭಾಳ ಚೆಂದ ಅದಾವಕ್ಕ" ಅಂದ.

ಕಾಜಾ ಅಂದರೆ ಏನು?
ಬಟ್ಟೆಯಲ್ಲಿ ಬೇಕಂತಲೇ ಬಿಟ್ಟ ಸಂದು.
ಹೊಲಿದು ಮುಚ್ಚಿದರೆ ಗಟ್ಟಿಯಾಯಿತು ಎನ್ನುತ್ತಾರೆ,
ಹಾಕಿಕೊಳ್ಳುವವನಿಗೆ ಗೊತ್ತು.

ಕೈ ಎತ್ತಿದರು. ಇನ್ನೂರ ಹನ್ನೊಂದು, ನೂರ ತೊಂಬತ್ತೆಂಟು.
ಬಿಟ್ಟೆವು.

ದಾರ ಒಂಬತ್ತು ದಿನ ತಡವಾಗಿ ಬಂತು.
ಕೋನಿಗೆ ಮೂರೂವರೆ ರೂಪಾಯಿ ಏರಿತು.
ಎರ್ರಿಸ್ವಾಮಿ ಬಿಲ್ಲು ಮುಖಕ್ಕೆ ಹಿಡಿದು "ಹೇಳಿದ್ವಿಲ್ಲೋ?" ಎಂದ.
ಶೇಕ್ಷಾವಲಿ ಓಡುವ ಮಿಷನ್ನಿಗೆ ಕೈ ಮಾಡಿ "ಎಲ್ಲಪ ಗುಬ್ಬಿ?" ಎಂದ.
ಮಾಸ್ತರ ಹೇಳಿದ್ದು ಹೇಳಿದ ಹಾಗೇ ಆಗಿತ್ತು;
ಅದಕ್ಕೇ ಇರಬೇಕು, ಯಾರ ಕೆಲಸಕ್ಕೂ ಬರಲಿಲ್ಲ.

ಮೊನ್ನೆ ಕರೆಂಟು ಹೋಗಿ ಮಿಷನ್ನೆಲ್ಲ ಸುಮ್ಮನಾದಾಗ
ಕೇಳಿದೆ: "ಅವತ್ತು ನೀವು ಏನಂದ್ರಿ ಮಾಸ್ತರ, ನೆನಪೈತೇನು?"
ಕತ್ತರಿ ಕೆಳಗಿಟ್ಟ. ಬೆವರು ಒರೆಸಿಕೊಂಡ.
"ಗುಬ್ಬಿ ಗೂಡು ಕಟ್ತಾವ ಅಂದಿದ್ನೆಲ್ಲವ್ವ.
ಹೆಚ್ಚಾತು. ಅಷ್ಟು ಅನ್ನಬಾರದಿತ್ತು ನಾನು."

ಮನೆಗೆ ಬಂದು ಪುಟ ನಲವತ್ತೇಳು ತೆಗೆದೆ.
ನನ್ನದೇ ಬೆರಳಿನ ಮಿರ್ಚಿ ಎಣ್ಣೆ ಇಳಿದು
ಎರಡು ಸಾಲಿನ ಜಾಗ ಗಾಜಿನಂತಾಗಿದೆ;
ಹಿಂದಿನ ಪುಟದ ಜಮಾ ಖರ್ಚು
ಮಾಸ್ತರನ ಮಾತಿನೊಳಗೆ ಬಂದು ಕೂತಿದೆ.
"ತಡ ಆಗ" ಅಷ್ಟು ಕಾಣುತ್ತದೆ.
ಮುಂದೆ ಮೂರಕ್ಷರ ಇದ್ದವಲ್ಲ?
ಕಿಟಕಿಯ ಬೆಳಕಿಗೆ ಹಿಡಿದೆ, ಓರೆ ಮಾಡಿ ಹಿಡಿದೆ.

ಇರಬಹುದು.